ಎತ್ತಿದ ಕೈ

ಫ್ಯಾನು ತಿರುಗುತ್ತಿಲ್ಲವೆಂದು ಕಿಡಿಕಾರುವ ಗಿರಾಕಿಗಳನ್ನು ಫೋನಿನಲ್ಲೇ ತಣ್ಣಗಾಗಿಸುವುದರಲ್ಲಿ ನಮ್ಮ ಗುಮಾಸ್ತರದು ಎತ್ತಿದ ಕೈ. ಆದರೆ ಲ್ಯಾಪ್‌ಟಾಪಿನ ಎದುರು ಕೂತು ಮೀಟಿಂಗ್ ಮಾಡುವುದೆಂದರೆ ಮಾತ್ರ ಕೈಕಾಲೇ ಆಡುತ್ತಿರಲಿಲ್ಲ. ಬಾಡಿಗೆ ಉಳಿಸಲು ಕಂಪನಿ ಆಫೀಸು ಮುಚ್ಚಿ ಎಲ್ಲರನ್ನೂ ಮನೆಗೆ ಕಳಿಸಿತ್ತು. ಹೆಂಡತಿ ತೀರಿಕೊಂಡ ಮೇಲೆ ಗುಮಾಸ್ತರ ಮನೆಯಲ್ಲಿ ಮಾತಾಡುವವರೇ ಇರಲಿಲ್ಲ. ಆ ಕೆಲಸದಲ್ಲೇ ಒಂದಿಷ್ಟು ಮಾತು, ಒಂದಿಷ್ಟು ಜೀವ. ಈಗ ವಿಭಾಗದಿಂದ ಒಬ್ಬರನ್ನು ತೆಗೆಯುತ್ತಾರಂತೆ. ಇವತ್ತಿನ ಮೀಟಿಂಗಿನಲ್ಲೇ ತೀರ್ಮಾನ. ನನ್ನನ್ನು ತೆಗೆಯಬೇಡಿ ಎಂದು ನಾಚಿಕೆ ಬಿಟ್ಟು ಕೇಳಿಬಿಡಬೇಕು ಎಂದುಕೊಂಡ ಮನುಷ್ಯ, ಬುದ್ಧಿಗೇಡಿತನಕ್ಕೆ, ಪಕ್ಕದ ಮನೆಯವರನ್ನು ಸಹಾಯಕ್ಕೆ ಕರೆದರು.

ಬಂದವರು ಹೊಲಿಗೆಯಕ್ಕ ಮತ್ತು ಅವಳ ಗಂಡ, ಬಸ್ಸಿನ ಕಂಡಕ್ಟರ್.

“ಮುಂದೆ ಬನ್ನಿ, ಇನ್ನೂ ಸ್ವಲ್ಪ ಮುಂದೆ ಬನ್ನಿ,” ಎಂದ ಕಂಡಕ್ಟರ್. ಹುಟ್ಟುಗುಣ. ಗುಮಾಸ್ತರ ಮೂಗು ಪರದೆಗೆ ತಾಗಿತು. “ಸಾಕು, ಹಿಂದೆ ಹೋಗಿ. ಕ್ಯಾಮೆರಾನ ನೋಡಿ. ನಿಮ್ಮ ಸರದಿ ಬರೋ ತನಕ ಮ್ಯೂಟಲ್ಲಿರಿ. ಮಾತಾಡ್ಬೇಕು ಅನ್ಸಿದ್ರೆ ಕೈ ಎತ್ತಿ.”

“ಬಸ್ಸಿಗೆ ಕೈ ಮಾಡೋ ಹಾಗಾ?”

“ಹೂಂ, ಹಾಗೇ. ಆದ್ರೆ ಇವರು ನಿಲ್ಲಿಸ್ತಾರೆ.”

ಹೊಲಿಗೆಯಕ್ಕ ಇಸ್ತ್ರಿ ಅಂಗಿ ತೊಡಿಸಿದಳು. ಕೆಳಗೆ ಹಳೇ ಪೈಜಾಮ ಹಾಗೇ ಉಳಿಯಿತು. “ಮುಖದ ಮೇಲೆ ಬೆಳಕೇ ಇಲ್ವಲ್ಲಣ್ಣ. ಈ ಮುಖ ನೋಡಿ ಯಾರು ಕನಿಕರ ಪಡ್ತಾರೆ? ನನ್ನ ಹೊಲಿಗೆ ದೀಪ ತರ್ತೀನಿ,” ಎಂದು ಓಡಿದಳು.

ಮೀಟಿಂಗ್ ಶುರುವಾಯಿತು. ಮ್ಯಾನೇಜರ್ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಹೊಸದಾಗಿ ಸೇರಿದ ಸಹಾಯಕಿ ಕೂಸನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅತ್ತೂ ಅತ್ತೂ ಅವಳ ಕಣ್ಣುಗಳು ಊದಿದ್ದವು.

“ನನಗೂ ಸಂಕಟ ಆಗುತ್ತೆ. ಆದ್ರೆ ಒಬ್ಬರು ಹೋಗಲೇಬೇಕು,” ಎಂದರು ಮ್ಯಾನೇಜರ್.

ಗುಮಾಸ್ತರು ತಡಮಾಡಲಿಲ್ಲ. ಕೈ ಎತ್ತಿದರು. ಅದೇ ಹೊತ್ತಿಗೆ ಹೊಲಿಗೆಯಕ್ಕ ದೀಪ ತಂದಳು. ಗೋಡೆಯಲ್ಲಿದ್ದದ್ದು ಒಂದೇ ಪ್ಲಗ್ಗು. ಅದರಲ್ಲಿದ್ದ ಇಂಟರ್ನೆಟ್ ಡಬ್ಬಿಯ ವಯರು ಕಿತ್ತು ದೀಪ ಸಿಕ್ಕಿಸಿದಳು. ಗುಮಾಸ್ತರ ಮುಖ ಬೆಳಗಿತು. ಪರದೆಯ ಮೇಲಿದ್ದವರೆಲ್ಲ ಗರಬಡಿದವರಂತೆ ಇದ್ದಲ್ಲೇ ಅಲುಗಾಡದೆ ಉಳಿದರು.

ಕಂಡಕ್ಟರ್ ಹೆಂಡತಿಯನ್ನು ಬೈದು, ಮನೆಯಿಂದ ಎಕ್ಸ್‌ಟೆನ್ಷನ್ ವಯರು ತಂದು ದೀಪ, ಡಬ್ಬಿ ಎರಡನ್ನೂ ಜೋಡಿಸಿದ. ಪರದೆಗೆ ಜೀವ ಬಂದಾಗ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು.

“ಏನು ಮನುಷ್ಯರಪ್ಪ ನೀವು,” ಎನ್ನುತ್ತ ಮ್ಯಾನೇಜರ್ ಮತ್ತೆ ಕನ್ನಡಕ ಒರೆಸಿಕೊಂಡರು. “ತಾವಾಗೇ ಬಿಡೋರು ಇದ್ರೆ ಕೈ ಎತ್ತಿ ಅಂದೆ. ನಿಮ್ಮ ಕೈ ಆಗಲೇ ಮೇಲಿತ್ತು. ಇನ್ನೊಂದ್ಸಲ ಯೋಚನೆ ಮಾಡಿ ಅಂತ ಬೇಡಿಕೊಂಡೆ. ನೀವು ಒಂಚೂರೂ ಅಲುಗಾಡ್ಲಿಲ್ಲ. ತ್ಯಾಗದಲ್ಲೂ ನಿಮ್ಮದು ಎತ್ತಿದ ಕೈ.”

ಗುಮಾಸ್ತರು ಬಡಬಡನೆ ನಡೆದದ್ದನ್ನೆಲ್ಲ ಹೇಳಿದರು. ಯಾರಿಗೂ ಕೇಳಿಸಲಿಲ್ಲ. ಕಂಡಕ್ಟರ್ ಹೌಹಾರಿ ಮ್ಯೂಟ್ ತೆಗೆಯುವಷ್ಟರಲ್ಲಿ ಸಹಾಯಕಿ ಕೈ ಮುಗಿದಿದ್ದಳು.

“ಈ ಕೆಲಸ ಹೋಗಿದ್ರೆ ನಾನೂ ಮಗೂನೂ ಬೀದಿಗೆ ಬೀಳ್ತಿದ್ವಿ ಸಾರ್. ಅಪ್ಪನ ಹಾಗೆ ಕಾಪಾಡಿದ್ರಿ.”

ಈಗ ಎಲ್ಲರಿಗೂ ಕೇಳಿಸುತ್ತಿತ್ತು. ಗುಮಾಸ್ತರ ಬಾಯಿಗೆ ಬಂದದ್ದು ಬೇರೆಯೇ.

“ಇರಲಿ ತಾಯಿ. ಮಗು ಚೆನ್ನಾಗಿರಲಿ.”

ಒಂದೊಂದೇ ಮುಖ ಪರದೆಯಿಂದ ಹೋಯಿತು. ಕೊನೆಗೆ ಉಳಿದದ್ದು ಅವರದೊಂದೇ.

“ಈಗ ನೋಡಣ್ಣ,” ಎಂದಳು ಹೊಲಿಗೆಯಕ್ಕ, ಮೆಲ್ಲಗೆ. “ಬೆಳಕು ಸರಿಯಾಗಿ ಬಿದ್ದಿದೆ.”

ಗುಮಾಸ್ತರು ನೋಡಿಕೊಂಡರು. ನಿಜ, ಕಣ್ಣೀರು ಕೂಡ ಸ್ಪಷ್ಟವಾಗಿ ಕಾಣುತ್ತಿತ್ತು.