ಮಾಮನ ತಪ್ಪು ನಕಾಶೆ

ನಮ್ಮ ಸೋದರ ಮಾಮನಷ್ಟು ತಪ್ಪು ಪಾಠ ಮಾಡುವ ಭೂಗೋಳದ ಮೇಷ್ಟ್ರು ಇಡೀ ಬಳ್ಳಾರಿ ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ! ಇದು ಚಾಡಿಯಲ್ಲ, ಅವರೇ ಎದೆಯುಬ್ಬಿಸಿ ಹೇಳಿಕೊಳ್ಳುವ ಮಾತು. ಪ್ರತಿ ಕ್ಲಾಸಿನಲ್ಲೂ ಒಂದು ತಪ್ಪನ್ನು ಬೇಕೆಂದೇ ಬೋರ್ಡಿನ ಮೇಲೆ ಬರೆದು, ಕೈಕಟ್ಟಿ ನಿಂತು, ಯಾರಾದರೂ ಎದ್ದು ಹೇಳಲಿ ಎಂದು ಕಾಯುವುದು ಅವರ ಬೋಧನಾ ಕ್ರಮ. ತಪ್ಪು ಹಿಡಿದವರಿಗೆ ಕ್ಯಾಂಟೀನಿನಲ್ಲಿ ಒಗ್ಗರಣಿ ಮಂಡಕ್ಕಿ, ಮಿರ್ಚಿ ಬಜ್ಜಿ. ಸಿರುಗುಪ್ಪದ ಅದೇ ಪದವಿ ಕಾಲೇಜಿನಲ್ಲಿ ನಾನು ಅತಿಥಿ ಉಪನ್ಯಾಸಕಿ. ಮಾನ ಹೋಗುವುದು ಯಾರದು ಹೇಳಿ? ನನ್ನದೇ!

ಒಮ್ಮೆ ತುಂಗಭದ್ರೆಯನ್ನು ಪಶ್ಚಿಮಕ್ಕೆ ಹರಿಸಿಬಿಟ್ಟರು. ಕುರುಗೋಡಿನ ಹುಡುಗಿಯೊಬ್ಬಳು ಗಾಬರಿಯಿಂದ ಎದ್ದಳು.

"ಸರ್, ಹೊಳಿ ಹಿಂದಕ ಹೊಂಟೈತ್ರಿ! ನಮ್ಮಪ್ಪನ ಗದ್ದಿಗೆ ನೀರು ಬರಂಗಿಲ್ರಿ!"

"ನೀ ಎದ್ದು ಹೇಳಿದೆಲ್ಲ, ನಿಮ್ಮಪ್ಪನ ಗದ್ದಿ ಉಳೀತು ಬಿಡವ್ವ. ನಡಿ, ಮಿರ್ಚಿ ತಿನ್ನು."

ಕ್ಲಾಸು ಮುಗಿಯುವ ಮೊದಲೇ ಸುದ್ದಿ ಸ್ಟಾಫ್ ರೂಮಿಗೆ ಬಂದಿರುತ್ತದೆ. "ಏನ್ರಿ ಮೇಡಂ, ನಿಮ್ಮ ಮಾಮ ಇವತ್ತು ಹಂಪಿನ ಆಂಧ್ರಕ್ಕ ಕೊಟ್ರಂತಲ್ರಿ?" ಎಂದು ಅಲ್ಲಿದ್ದವರು ಕೇಳಿ ನಗುತ್ತಾರೆ. ನಾನು ಡಬ್ಬಿಯೊಳಗೆ ಮುಖ ಹುದುಗಿಸಿ ಚಿತ್ರಾನ್ನ ತಿನ್ನುತ್ತೇನೆ.

ಮಾಮನ ಮನೆಯಲ್ಲಿ ಅತ್ತೆಯ ಗೋಳು ಬೇರೆ. ಮೆಂತ್ಯೆ ಸೊಪ್ಪು ತನ್ನಿ ಎಂದರೆ ಪಾಲಕ್ ತಂದಿಟ್ಟು, "ತಪ್ಪು ಹಿಡಿತಿ ಏನಂತ ನೋಡಿದೆ" ಅನ್ನುತ್ತಾರಂತೆ! "ಇವರು ಬೇಕಂತ ಮಾಡಿದ್ದು ಯಾವುದೋ, ಮರ್ತು ಮಾಡಿದ್ದು ಯಾವುದೋ, ಆ ದೇವ್ರಿಗೇ ಗೊತ್ತಬೇ" ಎಂದು ಅತ್ತೆ ನನ್ನೆದುರು ಅಲವತ್ತುಕೊಂಡಾಗ ನಾನು ಹೊಟ್ಟೆ ಹಿಡಿದು ನಕ್ಕಿದ್ದೆ.

ಮೊನ್ನೆ ಬಳ್ಳಾರಿಯಲ್ಲೇ, ಗಾಂಧಿನಗರದ ಸಭಾಂಗಣವೊಂದರಲ್ಲಿ ಪದವಿ ಕಾಲೇಜಿನವರಿಗೆಲ್ಲ ಕಾರ್ಯಾಗಾರ. ಪರಿಣಾಮಕಾರಿಯಾಗಿ ಪಾಠ ಮಾಡುವುದು ಹೇಗೆಂದು ಒಬ್ಬರಿಗೊಬ್ಬರು ಹೇಳಿಕೊಡಬೇಕು. ನಿವೃತ್ತಿಗೆ ಮುಂಚೆ ತಮ್ಮ ಕ್ರಮವನ್ನು ನಾಲ್ಕು ಜನ ಕಲಿಯಲಿ ಎಂಬುದು ಮಾಮನ ಬಹುದಿನದ ಆಸೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ವೇದಿಕೆ ಹತ್ತಿದರು. ಬೋರ್ಡಿನ ಮೇಲೆ ಜಿಲ್ಲೆಯ ನಕಾಶೆ ಬರೆದು, ಸಿರುಗುಪ್ಪವನ್ನು ಬಳ್ಳಾರಿಯ ದಕ್ಷಿಣಕ್ಕಿಟ್ಟರು! ಉತ್ತರಕ್ಕಿರುವ ಊರು, ನಾವಿಬ್ಬರೂ ದಿನಾ ಬಸ್ಸಿನಲ್ಲಿ ಹೋಗಿಬರುವ ಊರು!

ಸರಿ, ಶುರುವಾಯಿತು ಇವರ ಆಟ ಎಂದುಕೊಂಡೆ. ಆದರೆ ಮಾಮ ಕೈಕಟ್ಟಿ ನಿಲ್ಲಲಿಲ್ಲ, ಮಾತು ಮುಂದುವರಿಸಿದರು. ಸಭೆಯಲ್ಲಿ ಎಂಥೆಂಥ ಡಾಕ್ಟರೇಟುಗಳು! ಒಬ್ಬರೂ ಏಳಲಿಲ್ಲ. ಕೆಲವರು ಮೊಬೈಲಿನಲ್ಲಿ ಫೋಟೊ ಬೇರೆ ಹೊಡೆದುಕೊಂಡರು. ನನ್ನ ಹಿಂದಿನ ಸಾಲಿನಲ್ಲಿ ಮಾತ್ರ ಯಾರೋ ಕಿಸಕ್ಕೆಂದರು: "ಸಿರುಗುಪ್ಪದಾಗ ನೌಕರಿ ಮಾಡ್ತಾನ, ಸಿರುಗುಪ್ಪ ಎಲ್ಲೈತಿ ಅಂತ ಗೊತ್ತಿಲ್ಲ!"

ಅಷ್ಟರಲ್ಲಿ ಮಾಮ ಮಾತು ನಿಲ್ಲಿಸಿ ನಕಾಶೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಎದ್ದರೆ ನಾನು ಇವರ ಸೋದರ ಸೊಸೆ ಎಂದು ಸಭೆಗೆಲ್ಲ ಗೊತ್ತಾಗುತ್ತದಲ್ಲ! ತಲೆ ತಗ್ಗಿಸಿ ಮೊಬೈಲ್ ತಿಕ್ಕುತ್ತಾ ಕೂತೆ. ಅಧ್ಯಕ್ಷರು "ಭಾಳ ಚಂದ ಹೇಳಿದ್ರಿ" ಎಂದರು, ಮಾಮ ಸಿರುಗುಪ್ಪವನ್ನು ಅಲ್ಲಿಯೇ ಬಿಟ್ಟು ಇಳಿದು ಬಂದರು.

ಪಾರ್ವತಿನಗರದಲ್ಲಿ ಆಟೋ ಇಳಿದು ನಡೆಯುವಾಗ ಅವರು ತಮ್ಮ ಮನೆಯ ಓಣಿ ದಾಟಿ ಮುಂದಿನ ಓಣಿಗೆ ತಿರುಗಿದರು. ನನಗೆ ರೇಗಿತು. "ಇಲ್ಲೂ ನಿಮ್ಮ ಪಾಠಾನ ಮಾಮಾ?" ಎಂದೆ.

ಮಾಮ ನಿಂತರು. ಆಚೆ ಈಚೆ ನೋಡಿದರು.

"ಇಲ್ಲವ್ವ, ಇದು ಬೇಕಂತ ಮಾಡಿದ್ದಲ್ಲ. ಅಲ್ಲಿ ಬೋರ್ಡಿನ ಮ್ಯಾಲಿಂದೂ ಅಲ್ಲ. ಇತ್ತೀಚಿಗೆ ಹಿಂಗ ಆಗಾಕತ್ತೈತಿ. ಕ್ಲಾಸಿನ್ಯಾಗ ಚಿಂತಿ ಇಲ್ಲ, ಹುಡುಗ್ರು ಎದ್ದು ಹೇಳ್ತಾರ. ಅಲ್ಲಿ ನೀ ಇದ್ದೆಲ್ಲ, ಹೇಳ್ತಿ ಅಂತ ನಿನ್ನ ಕಡಿ ನೋಡಿದೆ."

ನನಗೆ ಎಲ್ಲಿ ಮುಖ ಇಟ್ಟುಕೊಳ್ಳಲಿ ಎಂದು ತಿಳಿಯಲಿಲ್ಲ. ಇವರು ನನ್ನ ಮಾಮ ಎಂದು ಇಷ್ಟು ದಿನ ನಾಚಿಕೊಂಡವಳು, ಅವರಿಗೆ ನಾನು ಇಂಥ ಸೊಸೆಯಾದೆನಲ್ಲ ಎಂದು ನಾಚಿದೆ. ಮುಂದೆ ಹೋಗಿ ಅವರ ಕೈ ಹಿಡಿದುಕೊಂಡೆ.

"ಮಾಮಾ, ತಪ್ಪೈತ್ರಿ. ಮನಿ ಈ ಕಡಿ ಐತಿ, ಬರ್ರಿ."

"ಹೌದೇನವ್ವ?" ಎಂದು ಮಾಮ ನನ್ನ ಜೊತೆ ತಿರುಗಿ ನಡೆದರು.