ಸ್ವಿಚ್ಚಿನ ಪಂಚೆ

ಲಾಲ್‌ಬಾಗಿನ ಬಂಡೆ ಜಾರಿದರೂ ಜಾರಲಿ, ಈ ಸಲ ನನ್ನ ಪಂಚೆ ಮಾತ್ರ ಜಾರಕೂಡದು! ಮಗಳು ದೀಪ್ತಿಯ ನಿಶ್ಚಿತಾರ್ಥಕ್ಕೆ ಮುನ್ನ ನಾನು ಮಾಡಿದ ಭೀಷ್ಮಪ್ರತಿಜ್ಞೆ ಇದು.

ಕಾರಣವಿತ್ತು. ನನ್ನ ಸೊಂಟವೆನ್ನುವುದು ಹೊಟ್ಟೆಗೂ ಕಾಲಿಗೂ ನಡುವಿನ ಒಂದು ಊಹೆ, ಅಷ್ಟೆ. ತಮ್ಮನ ಮಗನ ಮುಂಜಿಯಲ್ಲಿ ನನ್ನ ಕಚ್ಚೆ ಪಂಚೆ ನೆರೆದವರೆಲ್ಲರ ಎದುರು ಕಳಚಿಬಿದ್ದ ವಿಡಿಯೋ ಇವತ್ತಿಗೂ ಪ್ರತಿ ಹಬ್ಬಕ್ಕೆ ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ಶುಭಾಶಯದ ಜೊತೆ ಬರುತ್ತದೆ. ಪ್ಯಾಂಟಿನಲ್ಲೇ ಕೂರೋಣವೆಂದರೆ, ಬೀಗರಾಗಲಿರುವ ಮಲ್ಲೇಶ್ವರದ ಪಟ್ಟಾಭಿರಾಮಯ್ಯನವರು ಭಾರಿ ಕಟ್ಟುನಿಟ್ಟು. ಕಚ್ಚೆ ಹಾಕದವರ ಕೈಯಿಂದ ನಿಶ್ಚಯ ತಾಂಬೂಲ ತೆಗೆದುಕೊಳ್ಳುವುದಿಲ್ಲವೆಂದು ಮೊದಲೇ ಹೇಳಿ ಕಳಿಸಿದ್ದರು. ಅವರು ಮುನಿಸಿಕೊಂಡು ಎದ್ದುಹೋದರೆ ಮಗಳ ಮದುವೆಯೇ ಮುರಿದುಬೀಳುತ್ತದೆ ಎಂದು ನನಗೆ ನಿದ್ದೆ ಹತ್ತಿರಲಿಲ್ಲ.

"ಬನ್ನಿ, ನಾಲ್ಕು ಪಿನ್ನು ಹಾಕ್ಬಿಡ್ತೀನಿ," ಎಂದಳು ನನ್ನ ಹೆಂಡತಿ ಚೂಡಾಮಣಿ. ಅವಳ ತಾಳಿ ಸರದಲ್ಲಿ ತಾಳಿಗಿಂತ ಪಿನ್ನುಗಳದ್ದೇ ಭಾರ.

"ಪಿನ್ನಾ? ಚಂದ್ರನ ಮೇಲೆ ಇಳಿದ ದೇಶ ಕಣೇ ಇದು," ಎಂದೆ.

ಭಾವೀ ಅಳಿಯ ಆತ್ರೇಯ ಹೊಸ ಬಗೆಯ ಬಟ್ಟೆ ತಯಾರಿಸುವ ಕಂಪನಿಯಲ್ಲಿದ್ದಾನೆ. ನನ್ನ ಕಷ್ಟ ಕೇಳಿ ಒಂದು ಸುರುಳಿ ಪಟ್ಟಿಯನ್ನೂ ಬೆಂಕಿಪೆಟ್ಟಿಗೆಯಷ್ಟಿದ್ದ ಬ್ಯಾಟರಿಯನ್ನೂ ತಂದುಕೊಟ್ಟಿದ್ದ. ಪಟ್ಟಿಯೊಳಗೆ ಕೂದಲೆಳೆಯಂಥ ತಂತಿಗಳನ್ನು ನೇಯ್ದಿದ್ದಾರಂತೆ. ಸ್ವಿಚ್ ಒತ್ತಿದರೆ, ತಲೆಗುಜ್ಜಿದ ಬಾಚಣಿಗೆ ಕಾಗದದ ಚೂರನ್ನು ಎಳೆಯುವ ಹಾಗೆ, ಬಟ್ಟೆ ಬಟ್ಟೆಯನ್ನು ಹಿಡಿದುಕೊಳ್ಳುತ್ತದೆ. ಆರಿಸಿದರೆ ಬಿಡುತ್ತದೆ. ಗೋಂದಿಲ್ಲ, ಗುಂಡಿಯಿಲ್ಲ, ಮುಖ್ಯವಾಗಿ ಪಿನ್ನಿಲ್ಲ!

"ಸೊಂಟಕ್ಕೆ ಮಾತ್ರ ಹೊಲಿಸಿ ಮಾವ," ಎಂದಿದ್ದ ಹುಡುಗ. "ಇದಕ್ಕೆ ನಮ್ಮೋರು, ಬೇರೆಯೋರು ಅಂತ ಗೊತ್ತಾಗಲ್ಲ."

ಸೊಂಟಕ್ಕೆ ಮಾತ್ರವಂತೆ! ಅಷ್ಟುದ್ದದ ಪಟ್ಟಿಯನ್ನು ಉಳಿಸಿ ಉಪ್ಪಿನಕಾಯಿ ಹಾಕಲೇ? ಗಾಂಧಿ ಬಜಾರಿನ ದರ್ಜಿಗೆ ಕೊಟ್ಟು ಪಂಚೆಯ ಅಂಚಿನುದ್ದಕ್ಕೂ ಹೊಲಿಸಿಬಿಟ್ಟೆ.

ನಿಶ್ಚಿತಾರ್ಥದ ಬೆಳಿಗ್ಗೆ ಕಚ್ಚೆ ಹಾಕಿ, ಬ್ಯಾಟರಿಯನ್ನು ಸೊಂಟಕ್ಕೆ ಸಿಕ್ಕಿಸಿ ಸ್ವಿಚ್ ಒತ್ತಿದೆ. ಪಂಚೆ ಗಪ್ಪೆಂದು ಹಿಡಿಯಿತು. ಚೂಡಾಮಣಿಯ ಎದುರು ಬಸ್ಕಿ ಹೊಡೆದು ತೋರಿಸಿದೆ. ಅವಳು ಕೋಸಂಬರಿಗೆ ಒಗ್ಗರಣೆ ಹಾಕಲು ಹೋದಳು.

ನಮ್ಮ ಬಸವನಗುಡಿಯ ಮನೆಯ ಹಾಲಿನಲ್ಲಿ ಜಮಖಾನ ಹಾಸಿತ್ತು. ಪಟ್ಟಾಭಿರಾಮಯ್ಯನವರು ಜರಿಪಂಚೆಯುಟ್ಟು ನನ್ನ ಮಂಡಿಗೆ ಮಂಡಿ ತಾಗಿಸಿ ಕೂತರು. ಇಬ್ಬರ ಕೈಯಲ್ಲೂ ತೆಂಗಿನಕಾಯಿ ತುಂಬಿದ ತಾಂಬೂಲದ ತಟ್ಟೆ. ಎದ್ದು ನಿಂತು ತಟ್ಟೆ ಬದಲಾಯಿಸಿಕೊಳ್ಳಿ ಎಂದರು ಪುರೋಹಿತರು.

ನಾನು ಎದ್ದೆ. ಬೀಗರ ಪಂಚೆ ಬೀಗರಿಗಿಂತ ಮೊದಲೇ ಎದ್ದಿತು! ಜೊತೆಗೆ ಜಮಖಾನದ ಒಂದು ಮೂಲೆಯೂ ಎದ್ದು, ಅದರ ಮೇಲಿದ್ದ ಅವರ ಅತ್ತಿಗೆ ಪಕ್ಕಕ್ಕೆ ಉರುಳಿದರು.

"ತುಳೀತಿದೀರ, ಬಿಡ್ರೀ," ಎಂದು ಬೀಗರು ಹಲ್ಲು ಕಚ್ಚಿದರು. ನಾನು ಹಿಂದೆ ಸರಿದೆ, ಅವರೂ ಬಂದರು. ಮುಂದೆ ಹೋದೆ, ಆಗಲೂ ಬಂದರು. ಬೇರೆ ದಾರಿಯಿಲ್ಲದೆ ಅವರ ಕಿವಿಯಲ್ಲಿ ನಿಜ ಹೇಳಿದೆ.

"ಆರಿಸ್ರೀ ಅದನ್ನ."

"ಆರಿಸಿದ್ರೆ ನಂದು ಬಿದ್ದೋಗತ್ತೆ ಸ್ವಾಮಿ."

ಬೀಗರ ಮುಖ ಕೆಂಪಾಯಿತು. "ಆತ್ರೇಯಾ, ಏಳೋ. ಹೋಗೋಣ," ಎಂದು ಬಾಗಿಲ ಕಡೆ ಹೊರಟೇಬಿಟ್ಟರು. ಅವರು ಹೊರಟ ಮೇಲೆ ನಾನೂ ಹೊರಟೆ, ನನ್ನ ಹಿಂದೆ ಜಮಖಾನವೂ ಹೊರಟಿತು! ಮನೆಬಿಟ್ಟು ಹೋಗುವವರನ್ನು ಯಾವ ಹೆಣ್ಣಿನ ತಂದೆಯೂ ಇಷ್ಟು ಹತ್ತಿರದಿಂದ ಬೀಳ್ಕೊಟ್ಟಿರಲಾರ. ದೀಪ್ತಿಯ ಕಣ್ಣು ತುಂಬಿದ್ದು ಕಂಡಿತು.

ಆಗ ಚೂಡಾಮಣಿ ಎದ್ದಳು. ಸರದಿಂದ ಪಿನ್ನುಗಳನ್ನು ಕಳಚಿ, ಅಷ್ಟು ಜನರ ಎದುರು ನನ್ನನ್ನು ಸುತ್ತಿ ಸುತ್ತಿ ಚುಚ್ಚಿದಳು. ಆಮೇಲೆ ತಾನೇ ಸ್ವಿಚ್ ಆರಿಸಿದಳು. ನನ್ನ ಪಂಚೆ ಅಲುಗಲಿಲ್ಲ.

ಅಲುಗಿದ್ದು ಬೀಗರದ್ದು! ಎಳೆದಾಟದಲ್ಲಿ ಅವರ ಕಚ್ಚೆ ಯಾವಾಗಲೋ ಬಿಚ್ಚಿಹೋಗಿ, ಅಷ್ಟು ಹೊತ್ತು ನನ್ನ ಬ್ಯಾಟರಿಯ ಕೃಪೆಯಿಂದ ನಿಂತಿತ್ತು. ತಟ್ಟೆ ಹಿಡಿದುಕೊಂಡೇ ಮೊಣಕೈಗಳಿಂದ ಪಂಚೆಯನ್ನು ಅದುಮಿಕೊಂಡು, "ಸ್ವಿಚ್ ಹಾಕ್ರೀ, ಬೇಗ," ಎಂದರು.

ಆಹಾ, ಕೊನೆಗೂ ವಿಜ್ಞಾನಕ್ಕೆ ಬೆಲೆ ಬಂತು! ಎದೆಯುಬ್ಬಿಸಿ ಒತ್ತಿದೆ. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದೆ. ಬ್ಯಾಟರಿ ಖಾಲಿ.

ಬೀಗರು ನನ್ನ ಕಡೆ ನೋಡುವುದನ್ನೇ ಬಿಟ್ಟು ಚೂಡಾಮಣಿಯ ಕಡೆ ತಿರುಗಿದರು. "ಅಮ್ಮಾ, ಇನ್ನೆರಡು ಪಿನ್ನು ಇದ್ಯಾ?"

"ಇದೆ. ಇವರನ್ನ ಕಟ್ಕೊಂಡ ಮೇಲೆ ನಾನು ಯಾವತ್ತೂ ಜಾಸ್ತಿನೇ ಇಟ್ಕೊಂಡಿರ್ತೀನಿ."

ಬೀಗಿತ್ತಿ ಬಂದು ತಮ್ಮ ಯಜಮಾನರಿಗೆ ಪಿನ್ನು ಹಾಕಿದರು. ನಾನು ಬೆವರೊರೆಸಿಕೊಂಡು, ಹಲ್ಲು ಕಿರಿದು, ತಾಂಬೂಲದ ತಟ್ಟೆಯನ್ನು ಮುಂದೆ ಚಾಚಿದೆ. ಪಟ್ಟಾಭಿರಾಮಯ್ಯನವರು ಕೈ ಚಾಚಲಿಲ್ಲ.

"ಶೀನಣ್ಣನೋರೇ," ಎಂದರು, "ತಟ್ಟೆ ನಿಮ್ಮ ಮನೆಯೋರ ಕೈಗೆ ಕೊಡಿ. ಅವರ ಕೈಯಿಂದಾದ್ರೆ ತೊಗೋತೀನಿ."