ರೇಡಿಯೋ ಅಂಗಡಿಯ ತ್ರೀ ನಾಟ್ ತ್ರೀ

ರೇಡಿಯೋ ರಿಪೇರಿ ಅಂಗಡಿ ಇಟ್ಟವನು ನಗೋದಕ್ಕೆ ಬೇರೆಲ್ಲೂ ಹೋಗಬೇಕಾಗಿರಲಿಲ್ಲ. ಕೆಟ್ಟ ರೇಡಿಯೋ ಹಿಡಿದು ಬಂದವರೇ ರೇಡಿಯೋಗಿಂತ ಚೆನ್ನಾಗಿ ಕಾರ್ಯಕ್ರಮ ಕೊಟ್ಟು ಹೋಗುತ್ತಿದ್ದರು. ಎಂಬತ್ತರ ದಶಕದ ಶುರುವಿನಲ್ಲಿ ತಿಪಟೂರಿನ ಬಸ್‌ಸ್ಟ್ಯಾಂಡ್ ಹಿಂದೆ ನನ್ನ ಅಂಗಡಿ ಇತ್ತು. ಈಗಿಲ್ಲ. ಆದರೂ ಆ ಕಡೆ ಹೋದಾಗ ಕಾಲು ತಾನಾಗಿಯೇ ನಿಧಾನವಾಗುತ್ತದೆ.

೧. ಇದೂ ಒಂದು ಬಂದೂಕಾ?

ಹಡಗಿನಲ್ಲಿ ಕೆಲಸಕ್ಕಿದ್ದ ನಮ್ಮ ಭಾವ ಒಂದು ವಿಡಿಯೋ ಗೇಮ್ ತಂದುಕೊಟ್ಟಿದ್ದರು. ಅಂಗಡಿಯ ಟಿವಿಗೆ ಸಿಕ್ಕಿಸಿದರೆ ಕಪ್ಪು ಪರದೆ ಮೇಲೆ ಒಂದು ಬಿಳಿ ಚೌಕ ಓಡಾಡುತ್ತಿತ್ತು. ಜೊತೆಗಿದ್ದ ಪ್ಲಾಸ್ಟಿಕ್ ಪಿಸ್ತೂಲಿನಿಂದ ಗುರಿಯಿಟ್ಟು ಟ್ರಿಗರ್ ಎಳೆದರೆ ‘ಟಣ್’ ಅನ್ನೋದು. ಪಿಸ್ತೂಲಿನೊಳಗೆ ಬೆಳಕು ಗುರುತಿಸುವ ಒಂದು ಪುಟ್ಟ ಕಣ್ಣು, ಅಷ್ಟೇ ಅದರ ಮರ್ಮ. ಟಿವಿಯಲ್ಲಿ ಬೇರೇನೂ ನೋಡುವಂತಿರಲಿಲ್ಲ. ತೆಂಗಿನ ಮರದ ತುದಿಗೆ ಆಂಟೆನಾ ಕಟ್ಟಿಸಿದ್ದರೂ ಬೆಂಗಳೂರಿನಿಂದ ಬರುತ್ತಿದ್ದದ್ದು ಬರೀ ಚುಕ್ಕೆ. ಹಾಗಾಗಿ ಜನ ಕಾಸು ಕೊಟ್ಟು ಈ ಆಟಕ್ಕೆ ಮುಗಿಬಿದ್ದರು. ದಬ್ಬೇಘಟ್ಟದ ರೈತರೊಬ್ಬರು ಗೆದ್ದ ಖುಷಿಯಲ್ಲಿ ಎಗರಿ, ಪಿಸ್ತೂಲಿನ ಮೇಲೆಯೇ ಕೂತುಬಿಟ್ಟರು.

ಆ ಚೂರುಗಳನ್ನು ಆರಿಸುತ್ತಿದ್ದಾಗ ಬಿಳಿಗೆರೆ ಕಡೆಯ ಹವಾಲ್ದಾರ್ ತಾತ ಒಳಗೆ ಬಂದರು. ಎರಡನೇ ಮಹಾಯುದ್ಧದಲ್ಲಿ ಬರ್ಮಾ ಕಾಡಿನಲ್ಲಿ ಹೊಡೆದಾಡಿ ಬಂದವರು. ಚೂರು ನೋಡಿ ಮೂಗು ಮುರಿದರು.

“ಇದೂ ಒಂದು ಬಂದೂಕಾ? ಹಲ್ಲುಜ್ಜೋ ಬ್ರಷ್ ಇದ್ದಂಗೈತೆ. ಬಂದೂಕು ಅಂದ್ರೆ ನಮ್ಮ ಮಿಲಿಟರಿ ತ್ರೀ ನಾಟ್ ತ್ರೀ ರೈಫಲ್ ಕಣಪ್ಪ. ಮಾಡ್ಸು, ನಾನು ಹೇಳ್ಕೊಡ್ತೀನಿ.”

ಗಾಡಿ ಮಾಡುವ ಆಚಾರ್ರನ್ನು ಕರೆಸಿದೆ. ತಾತ ಅಳತೆಪಟ್ಟಿ ಮುಟ್ಟಲಿಲ್ಲ. ಕಣ್ಣು ಮುಚ್ಚಿ ನಿಂತು, ಇಲ್ಲದ ಬಂದೂಕನ್ನು ಹೆಗಲಿಗೆ ಆನಿಸಿಕೊಂಡರು. “ಎಡಗೈ ಇಲ್ಲಿಗೆ ಬತ್ತದೆ, ಕೆನ್ನೆ ಇಲ್ಲಿ ಕೂತ್ಕಳ್ತದೆ, ಗುರ್ತು ಮಾಡ್ಕಳಿ.” ಅಷ್ಟು ವರ್ಷವಾದರೂ ಆ ಕೈಗೆ ಜಾಗ ಮರೆತಿರಲಿಲ್ಲ. ಹಲಸಿನ ಮರದಲ್ಲಿ ಬಂದೂಕು ಎದ್ದಿತು, ನಾನು ಒಳಗೆ ಪಿಸ್ತೂಲಿನ ಆ ಕಣ್ಣು ಕೂರಿಸಿದೆ. ತಾತ ಎತ್ತಿ ನೋಡಿ, “ಹಗುರ ಆಯ್ತು, ಹೆಗಲಿಗೆ ಗೊತ್ತೇ ಆಗ್ತಿಲ್ಲ” ಅಂದರು. ಕಬ್ಬಿಣ ತುಂಬಿಸಿದೆವು. ಆಮೇಲೆ ಬಂದ ಮೊದಲ ಗಿರಾಕಿ ಅದನ್ನು ಎರಡು ಸಲ ಎತ್ತಿ ಕೆಳಗಿಟ್ಟು, ಬೆವರು ಒರೆಸಿಕೊಂಡು ಕೇಳಿದ:

“ಅಣ್ಣಾ, ಆಡಕ್ಕೆ ನಾನು ಕಾಸು ಕೊಡ್ಬೇಕೋ, ಎತ್ತಿದ್ದಕ್ಕೆ ನೀನು ಕೂಲಿ ಕೊಡ್ತೀಯೋ?”

೨. ಲೈಸೆನ್ಸು

ರೇಡಿಯೋ ಅಂಗಡಿಯಲ್ಲಿ ರೈಫಲ್ ಇದೆಯಂತೆ ಅನ್ನೋ ಸುದ್ದಿ ಸ್ಟೇಷನ್ ಮುಟ್ಟಿತು. ವಯಸ್ಸಾದ ಕಾನ್‌ಸ್ಟೇಬಲ್ ಒಬ್ಬರು ಬಂದು, ಬಾಗಿಲಲ್ಲೇ ನಿಂತು ಗಟ್ಟಿಯಾಗಿ ಕೇಳಿದರು:

“ಲೈಸೆನ್ಸ್ ಐತೇನ್ರೀ?”

ಹೆದರಿಕೆಯಲ್ಲಿ ಎದ್ದು ನಿಂತೆ. “ಐತೆ ಸಾರ್” ಅಂತ ಡ್ರಾಯರಿಂದ ತೆಗೆದುಕೊಟ್ಟೆ. ಅವರು ತಿರುಗಿಸಿ ತಿರುಗಿಸಿ ನೋಡಿದರು.

“ಇದು ರೇಡಿಯೋ ಲೈಸೆನ್ಸು.”

“ನನ್ನ ಹತ್ರ ಇರೋದು ಅದೊಂದೇ ಸಾರ್.”

ಮರದ್ದು ಅಂತ ಗೊತ್ತಾದ ಮೇಲೆ ಅವರ ಮುಖ ಸಡಿಲವಾಯಿತು. ಟೋಪಿ ತೆಗೆದಿಟ್ಟು ಆಡಲು ನಿಂತರು. ಒಂದೂ ತಾಗಲಿಲ್ಲ. ಮತ್ತೆ ಆಡಿದರು. ಕೊನೆಗೊಂದು ‘ಟಣ್’ ಅಂದಾಗ ಆ ದೊಡ್ಡ ಮೀಸೆ ಕೆಳಗೆ ಹಸುಮಗುವಿನ ನಗು. “ಸರ್ವೀಸಿಗೆ ಸೇರ್ದಾಗಿಂದ ಇಂಥದ್ದೇ ಬಂದೂಕು ಹೊತ್ಕೊಂಡು ತಿರುಗಿದ್ದೀನಿ ಕಣ್ರೀ. ಒಂದು ಸಲ ಆದ್ರೂ ಬೇಕು ಅಂದಾಗ ಹೊಡೀಬೇಕು ಅಂತ ಆಸೆ ಇತ್ತು” ಅಂದು ಹೊರಟವರು, ಮೆಟ್ಟಿಲಲ್ಲಿ ನಿಂತು ದನಿ ತಗ್ಗಿಸಿದರು:

“ಯಾರಿಗೂ ಹೇಳ್ಬೇಡಿ, ನಮ್ಮ ಸ್ಟೇಷನ್‌ದಕ್ಕಿಂತ ನಿಮ್ದೇ ವಾಸಿ. ಇದು ಎಳೆದ್ರೆ ಸದ್ದಾದ್ರೂ ಬತ್ತದೆ.”

೩. ಊರ ದೀಪ ಆರಿಸಿದ ಗುಮಾಸ್ತ

ಕೊಬ್ಬರಿ ಮಂಡಿಯ ಗುಮಾಸ್ತರೊಬ್ಬರಿಗೆ ಗುರಿಯೇ ತಪ್ಪುತ್ತಿರಲಿಲ್ಲ. ಕಣ್ಣಿಗೆ ದಪ್ಪ ಕನ್ನಡಕ, ಆದರೂ ಟಣ್, ಟಣ್, ಟಣ್! ಹವಾಲ್ದಾರ್ ತಾತನಿಗೆ ಅನುಮಾನ ಬಂದು ಬಂದೂಕಿನ ಹಿಂದೆ ಬಗ್ಗಿ ನೋಡಿದರು. ಮಹಾಶಯ ಟಿವಿ ಮೇಲೆ ನೇತಾಡುತ್ತಿದ್ದ ಬಲ್ಬಿಗೆ ಗುರಿ ಇಟ್ಟಿದ್ದಾರೆ! ಒಳಗಿನ ಕಣ್ಣಿಗೆ ಬೆಳಕು ಕಂಡರೆ ಸಾಕು, ಬಲ್ಬಾದರೇನು, ಚೌಕವಾದರೇನು.

“ಇದು ಮೋಸ ಕಣಯ್ಯ” ಅಂದರು ತಾತ.

“ಇದೊಂದು ಬುಡಿ ತಾತ, ಕೊನೇದು” ಅಂತ ಗುಮಾಸ್ತರು ಬಲ್ಬಿಗೆ ಟ್ರಿಗರ್ ಎಳೆದರು. ಸರಿಯಾಗಿ ಅದೇ ಗಳಿಗೆಗೆ ಕರೆಂಟು ಹೋಯಿತು. ಅಂಗಡಿ, ಬೀದಿ, ಬಸ್‌ಸ್ಟ್ಯಾಂಡು, ಎಲ್ಲ ಕಪ್ಪು. ಬಂದೂಕು ದೊಪ್ಪನೆ ಬಿದ್ದ ಸದ್ದು. ಹಿಂದೆಯೇ ಬೀದಿಯಿಂದ ಗುಮಾಸ್ತರ ದನಿ:

“ನಾನಲ್ಲ ಕಣ್ರಪ್ಪೋ! ನಾನು ಮುಟ್ಟೇ ಇಲ್ಲ!”

ನಕ್ಕೂ ನಕ್ಕೂ ಸಾಕಾಗಿ ನಾನೂ ತಾತನೂ ಕತ್ತಲಲ್ಲಿ ಕೂತೆವು. ತಾತ ಮೆಲ್ಲಗೆ ಅಂದರು: “ಬರ್ಮಾದಲ್ಲೂ ಹಿಂಗೇ ಕತ್ತಲು. ಪಕ್ಕದಲ್ಲಿ ಕೊಡಗಿನೋನು ಒಬ್ಬ ಇರ್ತಿದ್ದ. ಅವನ ಉಸಿರು ಕೇಳಿದ್ರೆ ಸಾಕು, ನಂಗೆ ಧೈರ್ಯ. ಹೊಳೆ ದಾಟೋವಾಗ ಹೋಗ್ಬುಟ್ಟ. ಇಲ್ಲಿ ಯಾರ ಹತ್ರ ಅವನ ಮಾತಾಡ್ಲಿ? ಅವನನ್ನ ಕಂಡೋರೇ ಇಲ್ವಲ್ಲ.”

ನಾನು ಕತ್ತಲಲ್ಲೇ ಅವರ ಪಕ್ಕಕ್ಕೆ ಜರುಗಿ ಕೂತೆ. ಆಗ ಅವರು, “ನಿನ್ನ ಉಸಿರು ಪರವಾಗಿಲ್ಲ ಕಣಪ್ಪ, ಈರುಳ್ಳಿ ವಾಸ್ನೆ ಒಂದು ಬುಟ್ರೆ” ಅಂದರು.

೪. ಜಪಾನ್ ಬಂದೂಕು

ಎದುರಾಳಿಯಿಲ್ಲದೆ ಯುದ್ಧವೇ ಅಲ್ಲ ಅಂತ ತಾತ ಹಟ ಹಿಡಿದು, ಜಪಾನಿನವರ ಬಂದೂಕನ್ನೂ ಮಾಡಿಸಿದರು. ಅದು ನಮ್ಮದಕ್ಕಿಂತ ಉದ್ದ. ಬೆಂಗಳೂರಿನಿಂದ ಇನ್ನೊಂದು ಕಣ್ಣು ತರಿಸಿ ಹಾಕಿದೆ. ಆದರೆ ಜಪಾನ್ ಆಗುವುದಕ್ಕೆ ತಿಪಟೂರಿನಲ್ಲಿ ಒಬ್ಬರೂ ಒಪ್ಪಲಿಲ್ಲ. ತಾತ ದಿನಾ ಬಂದು ಕಾದರು. ಊಟಕ್ಕೂ ಮನೆಗೆ ಹೋಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅವರ ಹೆಂಡತಿಯೇ ಕೊಡೆ ಹಿಡಿದು ಬಂದರು. ಆ ಅಜ್ಜಿಯನ್ನು ನಾನು ನೋಡಿದ್ದು ಅದೇ ಮೊದಲು.

“ಏಳ್ರೀ, ಮುದ್ದೆ ಆರೋಗ್ತದೆ.”

“ನನ್ನ ಸೋಲಿಸು, ಬತ್ತೀನಿ” ಅಂದರು ತಾತ, ನಗುತ್ತಾ.

ಅಜ್ಜಿ ಕೊಡೆ ಮಡಚಿ ಗೋಡೆಗೆ ಒರಗಿಸಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿ ಜಪಾನ್ ಬಂದೂಕು ಎತ್ತಿದರು. ಗುರಿ ಇಡುತ್ತಲೇ ಮಾತಾಡಿದರು: “ಮದ್ವೆ ಆದ ವರ್ಷವೇ ಹೊಂಟ್ರಿ. ಬದುಕಿದ್ದೀರೋ ಇಲ್ವೋ ಗೊತ್ತಿಲ್ದೆ ದಿನಾ ರೋಡಿಗೆ ಬಂದು ನಿಂತ್ಕಂತಿದ್ದೆ.” ಟಣ್. “ಯುದ್ಧ ಮುಗೀತು ಅಂದ್ರು, ಎಲ್ಲಾರ ಮನೇರೂ ಬಂದ್ರು.” ಟಣ್. “ನೀವು ಮಾತ್ರ ಇನ್ನೂ ಅಲ್ಲೇ ಇದ್ದೀರಲ್ರೀ.” ಟಣ್.

ಒಂದೂ ತಪ್ಪಲಿಲ್ಲ. ತಾತನ ಸರದಿ ಬಂತು. ಅವರು ಪರದೆ ಕಡೆ ತಿರುಗಲೇ ಇಲ್ಲ. ಅಜ್ಜಿಯನ್ನೇ, ಹಿಂದೆಂದೂ ನೋಡಿರದ ಹಾಗೆ, ನೋಡುತ್ತಾ ನಿಂತರು. ಬಿಳಿ ಚೌಕ ಆಚೆ ಈಚೆ ಓಡಾಡಿ ಮುಗಿದೇ ಹೋಯಿತು.

“ಹೊಡೀಲಿಲ್ವಲ್ಲ ತಾತ?” ಅಂದೆ.

ತ್ರೀ ನಾಟ್ ತ್ರೀಯನ್ನು ಮೆಲ್ಲಗೆ ಬೆಂಚಿನ ಮೇಲಿಟ್ಟು, ಕೊಡೆ ಎತ್ತಿಕೊಂಡು ಹೆಂಡತಿಯ ಹಿಂದೆ ಹೊರಟ ತಾತ ತಿರುಗಿ ಹೇಳಿದರು:

“ಶರಣಾದೋನು ಹೊಡಿಯಂಗಿಲ್ಲ ಕಣಪ್ಪ, ಮಿಲಿಟರಿ ರೂಲ್ಸು. ಕೈದಿಗೆ ಊಟ ಹಾಕೋದೂ ರೂಲ್ಸೇ.”